ಹೊಸ್ತಿಲೊಳಗೆ ಹೇಳಬಾರದ ಹಾಡು

ತಿಕೋಟಾದ ನಮ್ಮ ಮನೆಯಲ್ಲಿ ಅಳುವುದಕ್ಕೂ ಒಂದು ಜಾಗ ಗೊತ್ತಾಗಿತ್ತು. ಉಣ್ಣುವುದು ಅಡುಗೆಮನೆಯಲ್ಲಿ, ಬಂದವರ ಜತೆ ಮಾತು ಪಡಸಾಲೆಯಲ್ಲಿ, ಜಗಳ ಬಚ್ಚಲ ಹತ್ತಿರ, ಅಳು ಹಿತ್ತಲ ಬಣವೆಯ ಹಿಂದೆ. ಯಾರೂ ಕೂತು ಮಾಡಿದ ನಿಯಮವಲ್ಲ ಇದು, ಆದರೆ ಯಾರೂ ಮೀರುತ್ತಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆ. ಕಿಟಕಿಗಳಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲಿನ ಚೌಕ ಪಡಸಾಲೆಯಲ್ಲಿ ಸರಿದಂತೆ ನಮ್ಮ ದಿನವೂ ಸರಿಯುತ್ತಿತ್ತು. ಚೌಕ ಬೀಸುಕಲ್ಲಿನ ಮೇಲಿದ್ದಾಗ ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಕಂಬದ ಬುಡಕ್ಕೆ ಬಂದರೆ ಅಪ್ಪ ಹೊಲದಿಂದ ಉಣ್ಣಲು ಬರುವ ಹೊತ್ತು, ಗೋಡೆ ಏರಿತೆಂದರೆ ದನ ಬರುವ ಹೊತ್ತು. ನಾನು ಹುಟ್ಟಾ ಪುಕ್ಕಲಿ. ಆ ಚೌಕ ಬಿಟ್ಟರೆ ಉಳಿದ ಪಡಸಾಲೆಯ ಮಬ್ಬಿನಲ್ಲಿ ಒಬ್ಬಳೇ ಕಾಲಿಡುತ್ತಿರಲಿಲ್ಲ. ಈಗ ವಿಜಯಪುರದ ಜಲನಗರದಲ್ಲಿ ನಮ್ಮದೊಂದು ಸಿಮೆಂಟಿನ ಮನೆ ಇದೆ, ಗುಂಡಿ ಒತ್ತಿದರೆ ಹಗಲಾಗುತ್ತದೆ, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಾಲ್ಕು ಜನರನ್ನು ಹೆದರಿಸಿ ನಿವೃತ್ತಳಾಗಿದ್ದೇನೆ. ಆದರೂ ಆ ಪುಕ್ಕಲುತನ ಹೋಗಿಲ್ಲ. ಯಾಕೆ ಹೋಗಿಲ್ಲ ಎಂದು ಹೇಳಬೇಕಾದರೆ ಬಣವೆಯ ಹಿಂದಕ್ಕೇ ಹೋಗಬೇಕು.

ಆಯಿ ಅಂದರೆ ಅಪ್ಪನ ತಾಯಿ. ಊರಲ್ಲಿ ಯಾರ ಮನೆಯಲ್ಲಿ ಹೆಂಗಸು ಸತ್ತರೂ ಮೊದಲ ಕರೆ ಆಯಿಗೆ ಬರುತ್ತಿತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವು ಹಾಕಿ, ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಎದುರಿಗೆ ಹೆಂಗಸರು ಕುಳಿತು ಹಾಡ್ಯಾಡಿ ಅಳುತ್ತಾರೆ. ಬರೀ ಅಳುವುದಲ್ಲ ಅದು. ಸತ್ತವಳು ಯಾವ ಊರಿನಿಂದ ಬಂದಳು, ಬರುವಾಗ ಏನು ಹೊತ್ತು ತಂದಳು, ಯಾವ ಹೊಲದಲ್ಲಿ ಕಳೆ ತೆಗೆದಳು, ಯಾರ ಜತೆ ಮಾತು ಬಿಟ್ಟಿದ್ದಳು, ಅವಳ ಕೈಯಲ್ಲಿ ಯಾವ ಪಲ್ಯ ರುಚಿ, ಯಾವ ಕೂಸನ್ನು ಕಳೆದುಕೊಂಡಳು, ಎಲ್ಲವೂ ರಾಗದಲ್ಲಿ ಬರಬೇಕು, ಅವಳನ್ನೇ ಎದುರಿಗೆ ಮಾತಾಡಿಸಿದಂತೆ. ಆ ಕಾಲದ ಹೆಂಗಸಿನ ಹೆಸರು ಹೊಲದ ಉತಾರದ ಕಾಗದದಲ್ಲಿರಲಿಲ್ಲ, ಮನೆಯ ಬಾಗಿಲ ಮೇಲಿರಲಿಲ್ಲ. ಅವಳ ಬದುಕನ್ನು ಊರು ಪೂರ್ತಿಯಾಗಿ ಕೇಳುತ್ತಿದ್ದುದು ಒಂದೇ ಸಲ, ಅದೂ ಅವಳಿಗೆ ಕಿವಿ ಇಲ್ಲವಾದ ದಿನ. ಆಯಿ ಕೂತಳೆಂದರೆ ಹೊರಗೆ ನಿಂತ ಗಂಡಸರು ಬೀಡಿ ಆರಿಸಿ ಸುಮ್ಮನಾಗುತ್ತಿದ್ದರು. ಆಮೇಲೆ ಎಂದಾದರೂ ಆ ಹೆಂಗಸಿನ ವಿಷಯಕ್ಕೆ ತಕರಾರು ಬಂದರೆ, ಆಯಿಯ ಹಾಡಿನಲ್ಲಿ ಹೀಗೆ ಬಂದಿದೆ ಎಂದು ಒಬ್ಬರು ಹೇಳಿದರೆ ಸಾಕಿತ್ತು, ಮಾತು ಮುಗಿಯುತ್ತಿತ್ತು.

ಆದರೆ ಆ ಹಾಡಿಗೆ ಕಟ್ಟಳೆಗಳಿದ್ದವು. ಸಾವಿಲ್ಲದ ದಿನ ಅದನ್ನು ಹೊಸ್ತಿಲ ಒಳಗೆ ನುಡಿಯಬಾರದು. ಮನೆಗೆ ಕೇಳಿಸಬಾರದು ಅನ್ನುತ್ತಿದ್ದಳು ಆಯಿ, ಮನೆಗೂ ಕಿವಿ ಇದೆಯೆನ್ನುವಂತೆ. ನೆನಪು ಮಾಡಿಕೊಳ್ಳಲೇಬೇಕೆಂದರೆ ಹಿತ್ತಲ ಬಾಗಿಲು ದಾಟಿ, ಬಣವೆಯ ಹಿಂದೆ, ಮನೆಗೆ ಬೆನ್ನು ಮಾಡಿ ಕೂಡಬೇಕು. ಹಿಡಿದರೆ ಮೊದಲಿನಿಂದ ಹಿಡಿಯಬೇಕು. ನಡುವೆ ಕಡಿಯಿತೋ, ಮತ್ತೆ ಮೊದಲಿನಿಂದ. ಬಿಟ್ಟಲ್ಲಿಂದ ಎತ್ತಿಕೊಂಡರೆ ಆ ಹೆಂಗಸಿನ ಅರ್ಧ ಬದುಕು ನುಂಗಿದಂತೆ ಎಂದು ಆಯಿಯ ನಂಬಿಕೆ. ಇದೆಲ್ಲ ನನಗೆ ಗೊತ್ತಾದದ್ದು ಪಕ್ಕದ ಮನೆಯ ಗಂಗವ್ವ ಹಾಸಿಗೆ ಹಿಡಿದ ದಿನಗಳಲ್ಲಿ. ಮಧ್ಯಾಹ್ನ ಆಯಿ ಮೊರದಲ್ಲಿ ಜೋಳ ಹಾಕಿಕೊಂಡು ಬಣವೆಯ ಹಿಂದೆ ಹೋಗುತ್ತಿದ್ದಳು. ಹಸನು ಮಾಡುತ್ತ ಬಾಯಲ್ಲೇ ಏನೋ ಗುನುಗುತ್ತಿದ್ದಳು. ನಾನು ಬಣವೆಯ ಈಚೆ ಕರುವಿನ ಕೊರಳು ತುರಿಸುತ್ತ ಕೇಳುತ್ತಿದ್ದೆ. ಯಾವಳೋ ಒಬ್ಬಳು ಮಜ್ಜಿಗೆ ಕಡೆಯುವಾಗ ಬಳೆ ಒಡೆದುಕೊಂಡ ಮಾತು, ಯಾವಳೋ ಒಬ್ಬಳು ಎಡಗೈಯಿಂದ ಬೀಸುತ್ತಿದ್ದ ಮಾತು. ಗಂಗವ್ವ ಎಡಚಿ ಎಂದು ನನಗೆ ಗೊತ್ತಿತ್ತು. ಸ್ವಲ್ಪ ದಿನಕ್ಕೆ ಗಂಗವ್ವ ಸತ್ತಳು. ಅವಳ ಕಟ್ಟೆಯ ಮುಂದೆ ಆಯಿ ಬಾಯಿ ತೆರೆದರೆ ಅದೇ ಬಳೆ, ಅದೇ ಎಡಗೈ. ಸಾಯುವವಳ ಹಾಡನ್ನು ಮೊದಲೇ ಕೂಡಿಸಿಟ್ಟುಕೊಳ್ಳುವುದು ಹಾಡುವವರ ರೂಢಿ ಎಂದು ದೊಡ್ಡವರಿಗೆ ಗೊತ್ತಿರಬೇಕು. ನನ್ನ ತಲೆಗೆ ಹೋದದ್ದು ಬೇರೆ. ಮೊದಲು ಹಾಡು ಮುಗಿಯುತ್ತದೆ, ಆಮೇಲೆ ಮನುಷ್ಯರು ಮುಗಿಯುತ್ತಾರೆ.

ಇನ್ನು ಅವ್ವ. ಅವ್ವ ಆಯಿಗೆ ಬರೀ ಸೊಸೆಯಲ್ಲ, ಸ್ವಂತ ಅಣ್ಣನ ಮಗಳು. ಇಬ್ಬರ ತವರೂ ಬಬಲೇಶ್ವರದ ಒಂದೇ ಮನೆ. ಆಯಿ ತನ್ನ ಮಗನಿಗೆ ತನ್ನ ತವರಿನ ಹೆಣ್ಣನ್ನೇ ತಂದುಕೊಂಡಿದ್ದಳು. ಹಾಗೆ ತಂದುಕೊಂಡವರ ಮನೆಯಲ್ಲಿ ಅತ್ತೆ ಸೊಸೆಯ ಜಗಳ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೊಟ್ಟಿಯ ಅಂಚು ದಪ್ಪವಾದರೂ ಜಗಳ, ಪುಂಡಿಪಲ್ಯಕ್ಕೆ ನುಚ್ಚು ಕಡಿಮೆಯಾದರೂ ಜಗಳ. ಆದರೆ ಜಗಳ ಆಡುವವಳು ಆಯಿ ಒಬ್ಬಳೇ. ಅವ್ವ ಮಾತಿನವಳಲ್ಲ. ಸಿಟ್ಟು ಬಂದರೆ ಕೊಡ ಹೊತ್ತು ಬಾವಿಗೆ ಹೋಗುತ್ತಿದ್ದಳು, ಮನೆಯಲ್ಲಿ ನೀರು ತುಂಬಿದ್ದರೂ ಸರಿ. ತವರಿನಿಂದ ಬಂದ ತಾಮ್ರದ ಕೊಡ ಅದು, ಹೊಟ್ಟೆಯ ಹತ್ತಿರ ನೆಗ್ಗಿತ್ತು. ಬಬಲೇಶ್ವರದ ಅಜ್ಜಿ, ಅಂದರೆ ಅವ್ವನ ತಾಯಿ, ತೀರಿದ ದಿನ ಅವ್ವ ಹೆಣದ ಮುಂದೆ ಕಣ್ಣೀರು ಸುರಿಸುತ್ತ ಕೂತಳೇ ಹೊರತು ಒಂದು ಮಾತು ಹಾಡ್ಯಾಡಲಿಲ್ಲ. ಅಲ್ಲಿ ಆಯಿಯೇ ಅತ್ತಿಗೆಯ ಬದುಕನ್ನೆಲ್ಲ ಹಾಡಿ ಮುಗಿಸಿದಳು. ತಿಕೋಟಾಕ್ಕೆ ಮರಳಿ ಬಚ್ಚಲ ಹತ್ತಿರ ಕಾಲು ತೊಳೆಯುವಾಗ ಆಯಿಯ ಸಿಟ್ಟು ಒಡೆಯಿತು.

"ಹಡದ ತಾಯಿಗಿ ನಾಕು ಮಾತ ಹಾಡ್ಯಾಡಿ ಅಳಲಿಲ್ಲ ನೀ. ಕಲ್ಲ ಕುಂತಂಗ ಕುಂತಿ. ನಾಳೆ ನನಗೂ ಹಿಂಗ ಮಾಡಾಕಿ ಏನ?"

"ನನಗ ಅಳು ಬಂದ್ರ ಮಾತು ಬರಂಗಿಲ್ಲರಿ ಅತ್ತಿ."

ಅಷ್ಟೇ ಹೇಳಿ ಅವ್ವ ಕೊಡ ಎತ್ತಿಕೊಂಡು ಹೋದಳು. ಆಯಿ ಒದ್ದೆ ಕಾಲಿನಲ್ಲಿ ಬಚ್ಚಲ ಕಲ್ಲಿನ ಮೇಲೆ ನಿಂತೇ ಇದ್ದಳು. ಆ ಸಂಜೆ ನಮಗೆ ಅಂಬಲಿಯೇ ಊಟ, ಯಾರೂ ಒಲೆಯ ಮುಂದೆ ಕೂಡಲಿಲ್ಲ.

ಆ ವರ್ಷವೇ ಅವ್ವ ಮತ್ತೆ ಬಸುರಿಯಾದಳು. ನನ್ನ ನಂತರ ಒಂದು ಗಂಡು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಅದನ್ನು ನಮ್ಮ ಹೊಲದ ಬೇವಿನ ಬುಡದಲ್ಲಿ ಇಟ್ಟು ಬಂದಿದ್ದರು. ಆ ಬೇವಿನ ಹತ್ತಿರ ಹೋದಾಗ ಅವ್ವ ತಲೆಯ ಮೇಲಿನ ಬುತ್ತಿ ಇಳಿಸುತ್ತಿರಲಿಲ್ಲ, ಬದುವಿನ ಇನ್ನೊಂದು ತುದಿಗೆ ಹೋಗಿ ಇಳಿಸುತ್ತಿದ್ದಳು. ತವರಲ್ಲಿ ಬಾಣಂತನ ಮಾಡಲು ತಾಯಿ ಇಲ್ಲ, ಹಾಗಾಗಿ ಹೆರಿಗೆ ನಮ್ಮ ಮನೆಯಲ್ಲೇ ಎಂದು ಆಯಿ ಗೊತ್ತು ಮಾಡಿದಳು. ಜಗಳಗಳು ನಿಂತವು. ಆಯಿ ಬೆಲ್ಲದ ಸಜ್ಜಕ ಮಾಡಿ ತುಪ್ಪ ಸುರಿದು ಅವ್ವನ ಮುಂದಿಡುತ್ತಿದ್ದಳು, ಉಂಡು ಮುಗಿಯುವವರೆಗೆ ಎದುರಿಗೇ ಕೂಡುತ್ತಿದ್ದಳು. ಅವ್ವನ ಬಾಯಿಗೆ ಹುಳಿ ಬೇಕೆನಿಸಿದರೆ ಓಣಿಯಲ್ಲೆಲ್ಲ ತಿರುಗಿ ಹುಣಸೆ ಚಿಗುರು ತರುತ್ತಿದ್ದಳು. ನನಗೂ ಖುಷಿಯಾಗಬೇಕಿತ್ತು. ಆದರೆ ಅದೇ ದಿನಗಳಲ್ಲಿ ಆಯಿ ಮಧ್ಯಾಹ್ನ ಮತ್ತೆ ಮೊರ ಹಿಡಿದು ಬಣವೆಯ ಹಿಂದೆ ಹೋಗತೊಡಗಿದ್ದಳು. ಓಣಿಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ಯಾರ ಹಾಡಿರಬಹುದು ಎಂದು ಹೋಗಿ ಕಿವಿಗೊಟ್ಟೆ.

"ಬಬಲೇಶ್ವರದ ಬಾಗಿಲ ಬಿಟ್ಟು ಹೊಳ್ಳಿ ನೋಡದ ಬಂದ್ಯಲ್ಲ ನನ್ನವ್ವಾ,
ಡೋಣಿ ಉಪ್ಪ ನೀರಾಗ ಅಂಗಾಲ ತೊಯ್ಸಿ ಬಂದ್ಯಲ್ಲ ನನ್ನವ್ವಾ,
ತವರ ತಾಮ್ರದ ಕೊಡಾ ದಂಡಿಗಿ ಬಡದು ನೆಗ್ಗಿತಲ್ಲ ನನ್ನವ್ವಾ,
ಬೇವಿನ ಬುಡಕ ಕೂಸಿನ ಮಲಗಿಸಿ ಬರಿಗೈಲೆ ಬಂದ್ಯಲ್ಲ ನನ್ನವ್ವಾ."

ಬಬಲೇಶ್ವರ, ದಾರಿಯ ಡೋಣಿ ಹೊಳೆ, ನೆಗ್ಗಿದ ಕೊಡ, ಬೇವಿನ ಬುಡದ ಕೂಸು. ಇನ್ನೇನು ಬೇಕು? ಕರುವಿನ ಹಗ್ಗ ಹಿಡಿದವಳು ಹಾಗೇ ಕುಸಿದು ಕೂತೆ. ಇದು ನನ್ನ ಅವ್ವನ ಹಾಡು. ಅವ್ವ ಒಳಗೆ ಹಿಟ್ಟು ನಾದುತ್ತಿದ್ದಾಳೆ, ಬಳೆ ಸದ್ದು ಕೇಳುತ್ತಿದೆ, ಹೊರಗೆ ಆಯಿ ಅವಳ ಹೆಣದ ಮುಂದಿನ ಮಾತುಗಳನ್ನು ಜೋಳದ ಜತೆ ಹಸನು ಮಾಡುತ್ತಿದ್ದಾಳೆ. ತುಪ್ಪ ಸುರಿದು ಉಣಿಸುವುದೂ ಇದಕ್ಕೇ ಇರಬೇಕು. ಆಯಿಗೆ ಗೊತ್ತಿದೆ. ಗಂಗವ್ವನದು ಗೊತ್ತಿದ್ದಂತೆ ಅವ್ವನದೂ ಗೊತ್ತಿದೆ.

ಯಾರಿಗಾದರೂ ಹೇಳೋಣವೆಂದರೆ ಹೇಗೆ ಹೇಳುವುದು? ಆ ಹಾಡಿನ ಮಾತನ್ನು ಹೊಸ್ತಿಲ ಒಳಗೆ ಆಡುವಂತಿಲ್ಲ. ಅವ್ವನಾದರೋ ತುಂಬಿದ ಬಸುರಿ, ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಅಪ್ಪ ಬರುತ್ತಿದ್ದುದು ಉಣ್ಣಲು, ಮಲಗಲು. ಅಂಜಿಕೆಯನ್ನು ಬಾಯಲ್ಲಿ ಬಿಸಿ ತುತ್ತಿನ ಹಾಗೆ ಇಟ್ಟುಕೊಂಡು ತಿರುಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಕಡೆಗೆ ನನ್ನದೇ ಒಂದು ಉಪಾಯ ಮಾಡಿದೆ. ಹಾಡು ಮುಗಿದರಲ್ಲವೇ ಅವ್ವ ಮುಗಿಯುವುದು? ಮುಗಿಯದಂತೆ ನೋಡಿಕೊಂಡರಾಯಿತು. ಕಡಿದರೆ ಆಯಿ ಮತ್ತೆ ಮೊದಲಿನಿಂದ ಹಿಡಿಯಲೇಬೇಕು, ಅದು ಅವಳದೇ ಕಟ್ಟಳೆ. ಮರುದಿನ ಆಯಿ ಬೇವಿನ ಬುಡಕ್ಕೆ ಬರುತ್ತಿದ್ದಂತೆ ಹಾಲು ಉಕ್ಕಿತೆಂದು ಕೂಗಿದೆ. ಅದರ ಮರುದಿನ ಬಳೆಗಾರ ಬಂದಿದ್ದಾನೆ ಎಂದೆ, ಆಯಿ ಬಾಗಿಲಿಗೆ ಹೋಗಿ ನೋಡಿ ಬಂದು ನನ್ನ ಕಿವಿ ಹಿಂಡಿದಳು. ಸುಳ್ಳುಗಳು ಖಾಲಿಯಾದಾಗ ಕರುವಿನ ಹಗ್ಗ ಬಿಚ್ಚಿದೆ. ಅದು ನೆಟ್ಟಗೆ ತಾಯಿಯ ಕೆಚ್ಚಲಿಗೆ ಹೋಗಿ ಸಂಜೆಯ ಹಾಲು ಕುಡಿದುಬಿಟ್ಟಿತು. ಆಯಿ ಮೊರ ಬಿಟ್ಟು ಓಡಿದಳು, ಜೋಳ ಚೆಲ್ಲಿತು, ಕೋಳಿಗಳಿಗೆ ಹಬ್ಬವಾಯಿತು. ಇದು ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಕರುವೂ ನಾನೂ ಒಂದು ಪಕ್ಷವಾದೆವು. ಸಂಜೆ ಚಹಾಕ್ಕೆ ಹಾಲಿಲ್ಲ ಎಂದು ಅಪ್ಪ ಗೊಣಗಿದರೆ, ನಾನು ಮನಸ್ಸಿನಲ್ಲೇ ಇವತ್ತು ಅವ್ವ ಉಳಿದಳು ಎಂದುಕೊಳ್ಳುತ್ತಿದ್ದೆ. ಸಾಲಿಗೆ ಹೋಗುವುದನ್ನು ಬಿಟ್ಟೆ, ಹೊಟ್ಟೆನೋವೆಂದೆ, ಜ್ವರವೆಂದೆ. ನಾನಿಲ್ಲದಾಗ ಆಯಿ ಹಾಡಿ ಮುಗಿಸಿದರೆ? ಮಲಗುವಾಗ ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಯಾಕೆ ಬೇ, ಬಿಡು, ಸೆಕೆಯಾಗುತ್ತದೆ ಎಂದು ಅವ್ವ ಬಿಡಿಸಿಕೊಂಡರೆ ಮತ್ತೆ ಸುತ್ತುತ್ತಿದ್ದೆ. ಆಮೇಲೆ ಅವ್ವ ಬಿಡಿಸಿಕೊಳ್ಳುವುದನ್ನು ಬಿಟ್ಟಳು. ಏನೋ ಗೊತ್ತಾಗಿತ್ತು ಅವಳಿಗೆ, ಕೇಳಲಿಲ್ಲ. ಅವಳು ಕೇಳುವವಳೇ ಅಲ್ಲ.

ಹೀಗೆ ದಿನ ದೂಡುತ್ತಿದ್ದಾಗ ಒಂದು ದಿನ ಬೆಳಕಿಂಡಿಯ ಚೌಕ ಕಂಬದ ಬುಡಕ್ಕೆ ಬರುವ ಹೊತ್ತಿಗೆ ಅವ್ವನಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದು ಒಳಕೋಣೆ ಹೊಕ್ಕಳು. ನನ್ನನ್ನು ಪಡಸಾಲೆಗೆ ತಳ್ಳಿ ಬಾಗಿಲು ಮುಚ್ಚಿದರು. ಮೊದಲ ಸಲ ನಾನು ಮಬ್ಬಿಗೆ ಅಂಜದೆ ಮಬ್ಬಿನಲ್ಲೇ ನಿಂತಿದ್ದೆ, ಒಳಗಿನಿಂದ ಬರುತ್ತಿದ್ದ ಸದ್ದು ಅದಕ್ಕಿಂತ ಭಯಂಕರವಾಗಿತ್ತು. ಮಾತೇ ಆಡದ ಅವ್ವ ಕೂಗುತ್ತಿದ್ದಳು. ಚೌಕ ಗೋಡೆ ಏರಿತು, ದನ ಬಂದವು, ಯಾರೂ ಕಟ್ಟಲಿಲ್ಲ. ಸೂಲಗಿತ್ತಿ ಹೊರಗೆ ಬಂದು ಕೂಸು ಅಡ್ಡ ನಿಂತಿದೆ, ನನ್ನ ಕೈ ಮೀರಿದೆ, ವಿಜಯಪುರದ ದವಾಖಾನೆಗೆ ಹೋಗಲೇಬೇಕು ಎಂದಳು. ಅಪ್ಪ ರಸ್ತೆಗೆ ಓಡಿ ಶೇಂಗಾ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯನ್ನು ಅಡ್ಡ ಹಾಕಿ ನಿಲ್ಲಿಸಿದ. ಓಣಿಯ ಗಂಡಸರು ಚೀಲಗಳನ್ನು ರಸ್ತೆಯ ಬದಿಗಿಳಿಸಿದರು, ಹೆಂಗಸರು ಕೌದಿ ತಂದು ಹಾಸಿದರು. ಅವ್ವನನ್ನು ಎತ್ತಿಕೊಂಡು ಹೊಸ್ತಿಲು ದಾಟುವಾಗ ಅವಳು ನನ್ನ ಕೈ ಹಿಡಿದಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಅಪ್ಪ, ಸೂಲಗಿತ್ತಿ ಹತ್ತಿದರು, ಲಾರಿ ಹೋಯಿತು. ಶೇಂಗಾದ ಧೂಳಿನ ವಾಸನೆ ಬಹಳ ಹೊತ್ತು ಬಾಗಿಲಲ್ಲೇ ಇತ್ತು.

ಮನೆಯಲ್ಲಿ ಉಳಿದವರು ಆಯಿ ಮತ್ತು ನಾನು. ಆಯಿ ಪಡಸಾಲೆ ದಾಟಿ, ಹಿತ್ತಲ ಬಾಗಿಲು ದಾಟಿ, ಬಣವೆಯ ಹಿಂದೆ ಹೋದಳು. ಕೈಯಲ್ಲಿ ಮೊರ ಇರಲಿಲ್ಲ. ಮನೆಗೆ ಬೆನ್ನು ಮಾಡಿ ಕೂತಳು. ಈಗ ಮುಗಿಸುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಕರು ಬಿಚ್ಚುವ ಉಪಾಯ ಇವತ್ತು ನಡೆಯುವುದಿಲ್ಲ, ದನಗಳೆಲ್ಲ ಬಿಚ್ಚಿಯೇ ಇವೆ. ಓಡಿಹೋಗಿ ಹಿಂದಿನಿಂದ ಆಯಿಯ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದೆ. ಮೂಗು ಬಾಯಿ ಎಲ್ಲ ಸೇರಿಸಿ ಮುಚ್ಚಿದ್ದೆ, ಆಯಿ ಕೊಸರಾಡಿ ಬಿಡಿಸಿಕೊಂಡಳು.

"ಹಾಡಬ್ಯಾಡ ಬೇ ಆಯಿ. ನೀ ಪೂರಾ ಮಾಡಿದ್ರ ಅವ್ವ ಸಾಯ್ತಾಳ."

ಆಯಿ ನನ್ನನ್ನೇ ನೋಡಿದಳು. ಗಂಗವ್ವನಿಂದ ಹಿಡಿದು ಕರುವಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಕಾರಿಕೊಂಡೆ. ಬಬಲೇಶ್ವರದವಳು ಎಂದೆ, ನೆಗ್ಗಿದ ಕೊಡ ಎಂದೆ, ಬೇವಿನ ಬುಡದ ಕೂಸು ಎಂದೆ. ಆಯಿಯ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟು ಎಲ್ಲಿಗೋ ಹೋಯಿತು. ನನ್ನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು.

"ಹುಚ್ಚಿ, ನಾನೂ ಅದ ಮನಿಯಿಂದ ಬಂದಾಕಿ. ಆ ಕೊಡಾ ನಂದು, ಡೋಣಿ ದಂಡ್ಯಾಗ ನನ್ನ ಕೈಯಾಗಿಂದ ಬಿದ್ದು ನೆಗ್ಗಿದ್ದು. ಆ ಬೇವಿನ ಬುಡಕ ಒಂದಲ್ಲ, ಎರಡು ಅದಾವ. ಮೊದಲಿನ್ದು ನಂದು. ನಿಮ್ಮಪ್ಪನಕಿಂತ ಮೊದಲ ಹುಟ್ಟಿದ್ದು. ಇದು ನನ್ನ ಹಾಡು ಯವ್ವಾ, ನಿಮ್ಮವ್ವಂದಲ್ಲ."

ಬೇವಿನ ಬುಡದಲ್ಲಿ ಇನ್ನೊಂದು ಕೂಸು ಇರುವುದನ್ನು ಆ ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ. ಬಹುಶಃ ಯಾರಿಗೂ ಗೊತ್ತಿರಲಿಲ್ಲ. ಆಯಿ ಮುಂದುವರಿಸಿದಳು. ತನಗೆ ಹೆಣ್ಣುಮಕ್ಕಳಿಲ್ಲ, ಸೊಸೆಗೆ ಹಾಡು ಬರುವುದಿಲ್ಲ, ಊರಿಗೆಲ್ಲ ಹಾಡಿದವಳ ಮುಂದೆ ನಾಳೆ ಜನ ಸುಮ್ಮನೆ ಕೂತಿರುತ್ತಾರೆ ಎಂಬ ಅಂಜಿಕೆ ಅವಳನ್ನು ತಿನ್ನುತ್ತಿತ್ತಂತೆ. ಅದಕ್ಕೇ ತನ್ನದನ್ನು ತಾನೇ ಕೂಡಿಸುತ್ತಿದ್ದಳು.

"ಬಣಿವಿ ಆಚೀಕ ನೀ ಕುಂದರೂದು ನನಗ ಗೊತ್ತಿತ್ತು. ಕರಾ ಬಿಟ್ಟಷ್ಟು ಸಲ ನಾ ಮೊದಲಿಂದ ಹಿಡದೇನಿ. ನಿನ್ನ ಕಿವ್ಯಾಗ ಬೀಳಲಿ ಅಂತ. ಈಗ ಅದು ನಿನಗ ಬಾಯಿಪಾಠ ಆಗೇತಿ, ಹೌದಿಲ್ಲೊ?"

ಆಗಿತ್ತು. ತಡೆಯಲು ಹೋದ ಹಾಡು ನನ್ನ ಬಾಯಿಗೇ ಬಂದು ಕೂತಿತ್ತು. ಆದರೆ ಆಗ ನನಗೆ ಅದಾವುದೂ ಬೇಕಿರಲಿಲ್ಲ. ಹಾಗಾದರೆ ಅವ್ವ ಸಾಯುವುದಿಲ್ಲವಾ ಎಂದು ಕೇಳಿದೆ. ಆಯಿ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ತಿಳಿಯಿತು, ಇವತ್ತು ಅವಳು ಹಾಡಲು ಬಂದವಳಲ್ಲ, ಅಳಲು ಬಂದವಳು. ಮನೆಗೆ ಕೇಳಿಸಬಾರದೆಂದು ಇಲ್ಲಿ ಬಂದು ಕೂತಿದ್ದಾಳೆ. ಅಷ್ಟು ದಿನ ಆಯಿಗೆ ಎಲ್ಲ ಗೊತ್ತಿದೆ ಎಂದು ಅಂಜಿದ್ದೆ. ಆಯಿಗೂ ಏನೂ ಗೊತ್ತಿಲ್ಲ ಎಂದು ತಿಳಿದ ಮೇಲೆ ಹತ್ತಿದ ಅಂಜಿಕೆಗೆ ತಳವೇ ಇರಲಿಲ್ಲ.

ಅವ್ವ ಉಳಿದಳು. ಹಲವು ದಿನದ ಮೇಲೆ ಬಸ್ಸಿನಲ್ಲಿ ಅಪ್ಪನ ಹೆಗಲಿಗೆ ಒರಗಿಕೊಂಡು ಬಂದಳು. ಮಡಿಲಲ್ಲಿ ಏನೂ ಇರಲಿಲ್ಲ. ಹೆಣ್ಣು ಕೂಸಂತೆ, ಹುಟ್ಟುವಾಗಲೇ ದನಿ ಇರಲಿಲ್ಲವಂತೆ, ಅಪ್ಪ ಕಟ್ಟೆಯ ಮೇಲೆ ಕೂತವರಿಗೆ ಹೇಳಿದ. ಹೆಸರಿಲ್ಲದ ಕೂಸಿಗೆ ಹಾಡ್ಯಾಡಿ ಅಳುವ ರೂಢಿ ಇಲ್ಲ. ಹೇಳಲು ಅದಕ್ಕೆ ಬದುಕೆಲ್ಲಿದೆ? ಅದು ತಾಯಿಯ ಹಾಡಿನಲ್ಲಿ ಒಂದು ಮಾತಾಗಿ ಬರಬೇಕು, ಅದೂ ತಾಯಿ ಸತ್ತ ಮೇಲೆ. ಆಯಿ ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದಳು. ಎಣ್ಣೆ ಹಚ್ಚಿ ಎರೆದಳು, ಕೊಬ್ಬರಿ ತುರಿದು ಅಂಟಿನುಂಡೆ ಕಟ್ಟಿದಳು, ಒಂದೊಂದೇ ಅವ್ವನ ಕೈಗಿಟ್ಟಳು. ಖಾಲಿ ತೊಟ್ಟಿಲಿನ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಅವ್ವ ಉಂಡೆ ತಿನ್ನುತ್ತ ಬೆಳಕಿಂಡಿಯ ಚೌಕವನ್ನೇ ನೋಡುತ್ತ ಕೂಡುತ್ತಿದ್ದಳು. ನಾನು ಸಾಲಿಗೆ ಹೋಗತೊಡಗಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಆಯಿ ಹೋದಳು. ಕಟ್ಟೆಯ ಮೇಲೆ ಕೂಡಿಸಿದರು. ಹೆಂಗಸರು ಬಂದು ಕೂತು ಒಬ್ಬರ ಮುಖ ಒಬ್ಬರು ನೋಡಿದರು, ಊರಿನ ಹಾಡುಗಾತಿಗೆ ಯಾರು ಹಾಡಬೇಕು? ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನು ನೋಡಿದಳು. ಬಾಯಿ ತೆರೆದರೆ ಬಬಲೇಶ್ವರದ ಬಾಗಿಲು ತಾನಾಗಿ ಬಂತು, ಡೋಣಿ ಬಂತು, ಕೊಡ ಬಂತು. ಬೇವಿನ ಬುಡದಲ್ಲಿ ಮಲಗಿಸಿ ಬಂದ ಮೊದಲ ಗಂಡು ಕೂಸು ಎಂದಾಗ ಹೊರಗೆ ಗಂಡಸರ ನಡುವೆ ನಿಂತಿದ್ದ ಅಪ್ಪ ತಲೆ ಎತ್ತಿದ. ಅರ್ಧ ಕೂದಲು ನೆರೆತ ಮೇಲೆ ತನಗೊಬ್ಬ ಅಣ್ಣ ಇದ್ದನೆಂದು ಅವನಿಗೆ ಗೊತ್ತಾದದ್ದು ಹೀಗೆ. ಮಣ್ಣು ಮುಗಿಸಿ ಬಂದವನು ಸ್ನಾನ ಮಾಡಿ, ಮತ್ತೆ ಹೊಲಕ್ಕೆ ಹೋಗಿ ಬೇವಿನ ಹತ್ತಿರ ನಿಂತು ಬಂದ.

ಆಮೇಲಿನದು ಎಲ್ಲರ ಕತೆಯ ಹಾಗೇ. ನೌಕರಿ, ಮದುವೆ, ಜಲನಗರದ ಮನೆ. ರಸ್ತೆ ಅಗಲ ಮಾಡುವಾಗ ತಿಕೋಟಾದ ಮನೆಯ ಪಡಸಾಲೆ ಹೋಯಿತು, ಅದರ ಜತೆ ಬೆಳಕಿಂಡಿಯೂ. ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ. ಈಗ ಸಾವಿನ ಮನೆಗಳಿಗೆ ಹೋಗಿ ನೋಡಿ. ಗಾಜಿನ ತಂಪು ಪೆಟ್ಟಿಗೆ, ಮೊಬೈಲಿನಿಂದ ಸ್ಪೀಕರಿಗೆ ಹಚ್ಚಿದ ಭಜನೆ, ಪ್ಲಾಸ್ಟಿಕ್ ಕುರ್ಚಿ. ಇಬ್ರಾಹಿಂಪುರದಲ್ಲಿ ನಮ್ಮ ದೂರದ ಸಂಬಂಧದ ಮುದುಕಿಯೊಬ್ಬಳು ತೀರಿದಾಗ ಹೋಗಿದ್ದೆ. ಹೆಂಗಸರು ಸಾಲಾಗಿ ಕೂತು ಫೋನು ನೋಡುತ್ತಿದ್ದರು. ಅವಳ ಮೊಮ್ಮಗ ನನ್ನ ಹತ್ತಿರ ಬಂದು ಅಜ್ಜಿಯ ತವರೂರು ಯಾವುದ್ರಿ ಎಂದು ಕೇಳಿದ, ಫ್ಲೆಕ್ಸಿನಲ್ಲಿ ಹಾಕಬೇಕಂತೆ. ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಆಟೋದಲ್ಲಿ ಬರುವಾಗ ನನ್ನನ್ನು ಒಂದೇ ಅಂಜಿಕೆ ಹಿಡಿಯಿತು. ಅವ್ವನ ಹಾಡು ಯಾರ ಹತ್ತಿರ ಇದೆ?

ಮರುದಿನದಿಂದಲೇ ಶುರು ಮಾಡಿದೆ. ಬಣವೆ ಇಲ್ಲ, ಮಾಳಿಗೆ ಇದೆ. ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮೇಲೆ ಹೋಗಿ, ಮೆಟ್ಟಿಲ ಬಾಗಿಲಿಗೆ ಬೆನ್ನು ಮಾಡಿ ಕೂತು, ಅವ್ವನ ಬದುಕನ್ನು ಮೊದಲಿನಿಂದ ಹಿಡಿಯುತ್ತೇನೆ. ವರ್ಷಗಳೇ ಆದವು. ಎಲ್ಲ ಕೂಡಿದೆ, ಕೊನೆಯ ಮಾತೊಂದನ್ನು ಬಿಟ್ಟು. ಅದನ್ನು ಕೂಡಿಸಲು ನನಗೆ ಧೈರ್ಯವಿಲ್ಲ. ಮುಗಿಸಿದರೆ ಅವ್ವ ಹೋಗಿಬಿಡುತ್ತಾಳೆ ಎಂಬ ಅದೇ ಹಳೆಯ ಅಂಜಿಕೆ. ಕಚೇರಿಯಲ್ಲಿ ಕಡತ ಅರ್ಧಕ್ಕೆ ಬಿಟ್ಟವರನ್ನು ನಿಲ್ಲಿಸಿ ಬೈದವಳು ನಾನು. ನನ್ನದೇ ಕಡತಕ್ಕೆ ಬಂದರೆ ಈಗಲೂ ಕರು ಬಿಚ್ಚಿ ಓಡುತ್ತೇನೆ.

ಮೊನ್ನೆ ಒಂದು ಸಂಜೆ ಮೆಣಸಿನಕಾಯಿ ಬುಟ್ಟಿ ಹಿಡಿದು ಕೆಳಗೆ ಬಂದರೆ, ಅವ್ವ ಮಂಚದ ಮೇಲೆ ಕೋಲು ಹಿಡಿದು ಕೂತಿದ್ದಳು.

"ನಂದು ಎಲ್ಲಿಗಿ ಬಂತು?"

ಬುಟ್ಟಿ ಕೆಳಗಿಟ್ಟೆ. ಏನು ಎಲ್ಲಿಗೆ ಎಂದು ಗೊತ್ತಿಲ್ಲದವಳ ಹಾಗೆ ಆಟ ಹೂಡಿದೆ. ಅವ್ವ ನಕ್ಕಳು. ಆಯಿಯ ಮೊಮ್ಮಗಳು ಸುಮ್ಮನೆ ದಿನಾ ಮಾಳಿಗೆ ಏರುವುದಿಲ್ಲ ಎಂದು ತನಗೆ ಗೊತ್ತಿದೆಯೆಂದಳು. ಹೋದ ಮೇಲೆ ತನಗೇನು ಕೇಳಿಸುತ್ತದೆ, ಈಗಲೇ ಹೇಳು ಎಂದಳು. ಇಲ್ಲೇ, ಮಂಚದ ಹತ್ತಿರ, ಮೇಲೆ ಏರಲು ಮೊಣಕಾಲು ಬರುವುದಿಲ್ಲ. ಹೊಸ್ತಿಲ ಒಳಗೆ ಮಾತ್ರ ಬೇಡ ಯವ್ವಾ ಎಂದು ಅಂಗಲಾಚಿದೆ. ಕಡೆಗೆ ಇಬ್ಬರೂ ಒಪ್ಪಿದ್ದು ಬಾಗಿಲಾಚೆಯ ಮೆಟ್ಟಿಲಿಗೆ. ತೋಳು ಹಿಡಿದು ಹೊಸ್ತಿಲು ದಾಟಿಸಿದೆ, ಮನೆಗೆ ಬೆನ್ನು ಮಾಡಿ ಕೂಡಿಸಿದೆ. ಎದುರಿಗೆ ಸ್ಕೂಟರುಗಳು, ಟ್ಯೂಷನ್ನಿನಿಂದ ಬರುವ ಹುಡುಗರು, ಸೊಪ್ಪಿನ ಗಾಡಿ. ತಗ್ಗಿದ ದನಿಯಲ್ಲಿ ಹಿಡಿದೆ. ಬಬಲೇಶ್ವರದ ಬಾಗಿಲು ದಾಟಿತು, ಆಯಿಯಿಂದ ಬಂದ ನೆಗ್ಗಿದ ಕೊಡ ದಾಟಿತು, ಸಿಟ್ಟು ಬಂದಾಗಲೆಲ್ಲ ಬಾವಿಗೆ ಹೋದದ್ದು ಬಂದಾಗ ಅವ್ವ ಹೌದೆಂದು ಗದ್ದ ಅಲ್ಲಾಡಿಸಿದಳು. ಬೇವಿನ ಬುಡದ ಗಂಡು ಕೂಸಿನ ಮಾತು ಬಂದಾಗ ಕಣ್ಣು ಮುಚ್ಚಿದಳು. ಆಮೇಲೆ ಶೇಂಗಾ ಲಾರಿ ಬಂತು.

"ದನಿ ಇಲ್ಲದ ಕೂಸಿನ ಹಡದು ಬರಿ ಮಡಿಲಿಲೆ ಬಂದ್ಯಲ್ಲ ನನ್ನವ್ವಾ..."

ಅವ್ವ ಕೋಲಿನಿಂದ ನನ್ನ ಪಾದ ಮುಟ್ಟಿ ನಿಲ್ಲಿಸಿದಳು.

"ದನಿ ಇಲ್ಲದ್ದು ಅನಬ್ಯಾಡ. ಅದು ಅತ್ತಿತ್ತು."

ರಸ್ತೆಯಲ್ಲಿ ಆಟೋ ಒಂದು ಹೋಯಿತು. ಅದು ಹೋಗುವವರೆಗೆ ಅವ್ವ ಕಾದಳು.

"ಒಂದ ಸಲ ಅತ್ತಿತ್ತು. ಸಣ್ಣಗ. ಕೇಳಿದಾಕಿ ನಾ ಒಬ್ಬಾಕಿ. ಮನಿಗಿ ಬಂದ ಕೂಡ್ಲೆ ಎಲ್ಲಾರಿಗೂ ಹೇಳಬೇಕಂದೆ. ಇಷ್ಟ ವರ್ಸ ಆತು, ಬಾಯಿಗಿ ಬರಲೇ ಇಲ್ಲ. ಅದನ್ನ ಹಾಕು."

ನಾನು ಆಗಲೆಂದು ತಲೆ ಆಡಿಸಿದೆ. ಅವಳ ಸೆರಗಿನ ತುದಿ ಮೆಟ್ಟಿಲ ಮೇಲೆ ಬಿದ್ದಿತ್ತು, ಎತ್ತಿ ಬೆರಳಿಗೆ ಸುತ್ತಿಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಹಾಡು ನಡುವೆ ಕಡಿದಿತ್ತು. ಬಬಲೇಶ್ವರದ ಬಾಗಿಲಿನಿಂದ ಮತ್ತೆ ಹಿಡಿದೆ.